ಮಾವನ ಮೋಟರಿಗೊಂದು, ನನ್ನ ಕ್ಯಾಮೆರಾಗೊಂದು

"ಫೋಟೊ ತೆಗೆಯೋಕೆ ಬೆಂಗಳೂರಿಂದ ಬಂದಿದೀಯ, ಕ್ಯಾಮೆರಾನೇ ಮುಟ್ಟಬಾರ್ದು ಅಂತೀಯಲ್ಲೋ!"

ಮಾವ ಟಾರ್ಚು ಆರಿಸಿ ಬಂಡೆಯ ಮೇಲೆ ಕೂತರು. ಪಾವಗಡದ ಕಡೆಯ ಒಂದು ಹಳ್ಳಿ, ಸಂಕ್ರಾಂತಿ ಕಳೆದು ಬಂದ ಅಮಾವಾಸ್ಯೆ. ಕೆಳಗೆ ಮಾವನ ಎರಡು ಎಕರೆ ಕಡಲೆಕಾಯಿ ಹೊಲ, ಅದರಾಚೆ ಹುಣಸೆಮರ, ಮರದ ಪಕ್ಕ ಬೋರ್‌ವೆಲ್ಲಿನ ಶೆಡ್ಡು. ನಾನು ಟ್ರೈಪಾಡಿನ ಕಾಲುಗಳಿಗೆ ಕಲ್ಲು ಒತ್ತರಿಸುತ್ತಿದ್ದೆ. ಕ್ಯಾಮೆರಾದಿಂದ ಒಂದು ಕರಿ ವೈರು ಇಳಿಬಿದ್ದಿತ್ತು, ಅದರ ತುದಿಯಲ್ಲಿ ಬೆಂಕಿಪೊಟ್ಟಣದಷ್ಟು ದಪ್ಪದ ಒಂದು ಗುಂಡಿ, ಕ್ಯಾಮೆರಾ ಮುಟ್ಟದೆ ಫೋಟೊ ತೆಗೆಯುವ ರಿಮೋಟು. ಆ ಗುಂಡಿಗೋಸ್ಕರವೇ ಎರಡನೇ ಸಲ ಇಲ್ಲಿಗೆ ಬಂದದ್ದು.

ಮೊದಲ ಸಲ ಬಂದಾಗ ಬೆರಳನ್ನೇ ನಂಬಿದ್ದೆ. ನಕ್ಷತ್ರಗಳು ಧ್ರುವನ ಸುತ್ತ ಬಳೆಗಳ ಹಾಗೆ ಗೆರೆ ಎಳೆಯುವ ಫೋಟೊ ನೀವು ನೋಡಿರುತ್ತೀರಿ. ಅದು ಒಂದೇ ಫೋಟೊ ಅಲ್ಲ. ಮೂವತ್ತು ಸೆಕೆಂಡಿನ ನೂರಿನ್ನೂರು ಫೋಟೊಗಳನ್ನು ಒಂದರ ಬೆನ್ನಿಗೊಂದು ತೆಗೆದು, ಆಮೇಲೆ ಕಂಪ್ಯೂಟರಿನಲ್ಲಿ ಒಂದರ ಮೇಲೊಂದು ಕೂರಿಸುತ್ತಾರೆ. ಆ ರಾತ್ರಿ ಎರಡು ಸೆಕೆಂಡಿನ ಟೈಮರ್ ಇಟ್ಟು ತೊಂಬತ್ತು ಸಲ ಗುಂಡಿ ಒತ್ತಿದ್ದೆ. ನಡುನಡುವೆ ತೂಕಡಿಸಿದ್ದೂ ಉಂಟು. ನಾನು ತೂಕಡಿಸಿದ್ದಕ್ಕೆಲ್ಲ ಆಕಾಶವೇ ಸಾಕ್ಷಿ: ಗೆರೆಗಳು ಕೈಹೊಲಿಗೆ ಹಾಕಿದ ಹಾಗೆ ತುಂಡು ತುಂಡಾಗಿ ಬಂದವು. ನಲವತ್ತನೆಯದೋ ನಲವತ್ತೊಂದನೆಯದೋ ಫೋಟೊಗೆ ಟ್ರೈಪಾಡಿಗೆ ಮೊಣಕೈ ತಾಗಿ, ಇಡೀ ನಕ್ಷತ್ರಲೋಕ ಒಮ್ಮೆಲೇ ಪಕ್ಕಕ್ಕೆ ಜರುಗಿಬಿಟ್ಟಿತ್ತು.

ಆಮೇಲೆ ಟಿವಿ ರಿಮೋಟಿನ ಮರಿಯಂಥ ಒಂದು ಇನ್‌ಫ್ರಾರೆಡ್ ರಿಮೋಟು ಕೊಂಡೆ. ನನ್ನ ಹಳೆಯ ಕ್ಯಾನನ್‌ನಲ್ಲಿ ಅದರ ಬೆಳಕು ಹಿಡಿಯುವ ಕಣ್ಣು ಇರುವುದು ಮುಂದಿನ ಹಿಡಿಯಲ್ಲಿ, ಹಿಂದೆ ನಿಂತು ಒತ್ತಿದರೆ ಅದಕ್ಕೆ ಕೇಳುವುದಿಲ್ಲ. ಜೊತೆಗೆ ಒಂದು ಸಲ ಒತ್ತಿದರೆ ಒಂದೇ ಫೋಟೊ. ತಂಗಿಯ ಮನೆಯ ಗೃಹಪ್ರವೇಶದಲ್ಲಿ ಮಾತ್ರ ಅದು ಋಣ ತೀರಿಸಿತು. ನಮ್ಮ ಮನೆಯ ಗುಂಪು ಫೋಟೊದಲ್ಲಿ ನಾನೂ ಇದ್ದದ್ದು ಅದೇ ಮೊದಲು, ಅತ್ತೆಯ ಸೆರಗಿನ ಮರೆಯಲ್ಲಿ ಕೈ ಇಟ್ಟುಕೊಂಡು. (ಆ ಫೋಟೊ ಒಂಚೂರು ಕಪ್ಪಾಗಿ ಬಂತು. ವ್ಯೂಫೈಂಡರಿಗೆ ಕಣ್ಣು ಒತ್ತಿಕೊಂಡವರು ಯಾರೂ ಇಲ್ಲದಾಗ ಆ ಕಿಂಡಿಯಿಂದಲೂ ಬೆಳಕು ಒಳಗೆ ನುಗ್ಗಿ, ಬೆಳಕು ಅಳೆಯುವ ಮೀಟರಿನ ಲೆಕ್ಕ ತಪ್ಪಿಸುತ್ತದೆ. ಅದನ್ನು ಮುಚ್ಚಲೆಂದೇ ಕ್ಯಾಮೆರಾದ ಕುತ್ತಿಗೆಪಟ್ಟಿಯಲ್ಲಿ ಒಂದು ರಬ್ಬರ್ ತುಂಡು ಕೊಟ್ಟಿರುತ್ತಾರೆ. ಅದು ಯಾತಕ್ಕೆಂದು ನನಗೆ ಗೊತ್ತಾಗಲು ಐದು ವರ್ಷ ಬೇಕಾಯಿತು.)

ಕೊನೆಗೆ ಬಂದದ್ದು ಈ ವೈರಿನ ರಿಮೋಟು, 350 ರೂಪಾಯಿಯದು. ಹಳೆಯ ಮೊಬೈಲಿನ ಇಯರ್‌ಫೋನಿಗಿದ್ದಂಥ ಎರಡೂವರೆ ಮಿಲಿಮೀಟರಿನ ಪಿನ್ನು. ಒಳಗೇನೋ ದೊಡ್ಡ ವಿದ್ಯೆ ಇರಬೇಕೆಂದು ಒಂದು ಭಾನುವಾರ ತಿರುಪು ಬಿಚ್ಚಿ ನೋಡಿದರೆ ಮೂರು ವೈರು, ಎರಡು ತಗಡಿನ ಎಸಳು, ಅಷ್ಟೇ. ಅರ್ಧ ಒತ್ತಿದರೆ ಒಂದು ಎಸಳು ತಾಗಿ ಫೋಕಸ್, ಪೂರ್ತಿ ಒತ್ತಿದರೆ ಇನ್ನೊಂದೂ ತಾಗಿ ಶಟರ್, ಅಂದರೆ ಬೆಳಕನ್ನು ಒಳಗೆ ಬಿಡುವ ಬಾಗಿಲು. ಒತ್ತಿ ಮುಂದಕ್ಕೆ ತಳ್ಳಿದರೆ ಗುಂಡಿ ಅಲ್ಲೇ ಕಚ್ಚಿಕೊಂಡು ನಿಲ್ಲುತ್ತದೆ. ನನಗೆ ಬೇಕಿದ್ದದ್ದು ಆ ಕಚ್ಚು.

ಬಯಲುಸೀಮೆಗೇ ಬರಲು ಕಾರಣವಿದೆ. ಧ್ರುವ ನಕ್ಷತ್ರ ನಾವು ನಿಂತ ಊರಿನ ಅಕ್ಷಾಂಶ ಎಷ್ಟೋ ಅಷ್ಟೇ ಎತ್ತರದಲ್ಲಿ ಕಾಣುತ್ತದೆ. ಪಾವಗಡದಲ್ಲಿ ಅದು ಸುಮಾರು 14 ಡಿಗ್ರಿ. ಕೈ ಚಾಚಿ ಮುಷ್ಟಿ ಹಿಡಿದರೆ ದಿಗಂತದಿಂದ ಒಂದೂವರೆ ಮುಷ್ಟಿ. ಮಲೆನಾಡಿನ ತೋಟದಲ್ಲಾದರೆ ಅಷ್ಟು ಎತ್ತರವನ್ನು ಅಡಿಕೆಮರವೇ ನುಂಗಿಬಿಡುತ್ತದೆ. ಹನ್ನೊಂದು ಗಂಟೆಗೆ ಈಶಾನ್ಯದಲ್ಲಿ ಸಪ್ತರ್ಷಿಗಳ ಪೈಕಿ ಕ್ರತು, ಪುಲಹ ಮೇಲೆ ಬಂದಿದ್ದರು. ವಸಿಷ್ಠ-ಅರುಂಧತಿ ಇನ್ನೂ ದಿಗಂತದ ಮಸುಕಿನಲ್ಲಿದ್ದರು. ಕ್ರತು-ಪುಲಹರ ಗೆರೆ ಹಿಡಿದು ಹೋಗಿ ಧ್ರುವನನ್ನು ಮಾವನಿಗೆ ತೋರಿಸಿದೆ.

"ನಮ್ಮ ಮದುವೇಲಿ ಪುರೋಹಿತರು ತೋರಿಸಿದ್ರು. ಮಧ್ಯಾಹ್ನ ಎರಡು ಗಂಟೆಗೆ," ಅಂದರು ಮಾವ. "ಕಂಡ್ತು ಅಂದೆ."

ಕ್ಯಾಮೆರಾ ಪರದೆಯ ಮೇಲೆ ಸೆಕೆಂಡಿನ ಅಂಕಿ ತಿರುಗಿಸುವಾಗ ಮೂವತ್ತು ದಾಟಿ 'ಬಲ್ಬ್' ಎಂದು ಬಂತು. "ಇದಕ್ಕೆ ಬಲ್ಬೂ ಇದೆಯಾ?" ಅಂದರು. ಹಿಂದಿನ ಕಾಲದಲ್ಲಿ ಪೋಂ ಪೋಂ ಹಾರ್ನಿನ ಉಂಡೆಯಂಥ ರಬ್ಬರ್ ಬಲ್ಬು ಇರುತ್ತಿತ್ತು, ಅದನ್ನು ಹಿಸುಕಿದರೆ ಕೊಳವೆಯೊಳಗಿನ ಗಾಳಿ ಹೋಗಿ ಶಟರ್ ತೆರೆಯುತ್ತಿತ್ತು, ಹಿಸುಕಿ ಹಿಡಿದಿರುವಷ್ಟು ಹೊತ್ತೂ ತೆರೆದಿರುತ್ತಿತ್ತು, ಆ ಹೆಸರೇ ಉಳಿದುಕೊಂಡಿದೆ ಎಂದೆ. ಮಾವನಿಗೆ ತಟ್ಟನೆ ಹೊಳೆಯಿತು. "ಅಂದ್ರೆ ನಮ್ಮ ಮೋಟರ್ ಸ್ಟಾರ್ಟರ್ ಇದ್ದಂಗೆ. ಮುಟ್ಟದೆ ಆನ್ ಮಾಡೋದು."

ಅದಕ್ಕಿಂತ ಚೆನ್ನಾಗಿ ನಾನೂ ಹೇಳಲಾರೆ. ಆ ವಾರ ಅವರ ಲೈನಿಗೆ ತ್ರೀ ಫೇಸ್ ಕರೆಂಟು ರಾತ್ರಿ ಪಾಳಿ. ಹಿಂದಿನ ವರ್ಷ ನೀರು ಹಾಯಿಸಲು ಹೋದಾಗ ಪಕ್ಕದ ಹೊಲದವರಿಗೆ ಹಾವು ಕಚ್ಚಿ, ಜೀವ ಉಳಿದದ್ದೇ ಹೆಚ್ಚಾಗಿತ್ತು. ಅವತ್ತಿನಿಂದ ಅತ್ತೆ ಹಟ ಹಿಡಿದು ಮೊಬೈಲ್ ಸ್ಟಾರ್ಟರ್ ಹಾಕಿಸಿದ್ದರು. ಮನೆಯಲ್ಲೇ ಕೂತು ಕಾಲ್ ಮಾಡಿದರೆ ಮೋಟರು ಓಡುತ್ತದೆ, ಒಂದು ಹೆಣ್ಣುದನಿ "ಮೋಟರ್ ಆನ್ ಆಗಿದೆ" ಎನ್ನುತ್ತದೆ.

ನಾನು ಅಂಕಿಯನ್ನು ಮತ್ತೆ ಮೂವತ್ತಕ್ಕೆ ತಂದು, ಗುಂಡಿ ಒತ್ತಿ, ಮುಂದೆ ತಳ್ಳಿ, ಕಚ್ಚಿಸಿದೆ. ಶಟರ್ ತೆರೆದ ಸದ್ದು ಕೇಳಿತು. ಕೈ ಒರೆಸಿಕೊಂಡು, ದೊಡ್ಡ ಕೆಲಸ ಮುಗಿಸಿದವನಂತೆ ಮಾವನ ಜೊತೆ ಇಳಿದು ಮನೆಗೆ ಹೋದೆ. ಅತ್ತೆ ಕಾಫಿ ಕಾಸಿದ್ದರು. ಊರಿನವರ ಸುದ್ದಿ, ಬೋರ್ ಎಷ್ಟು ಅಡಿಗೆ ಹೋಯಿತು, ಯಾರ ಮಗ ಸೋಲಾರಿಗೆ ಭೂಮಿ ಕೊಟ್ಟ, ಎಲ್ಲ ಮಾತಾಡಿ ಒಂದು ಗಂಟೆ ಬಿಟ್ಟು ಹತ್ತಿ ಬಂದು ಕಾರ್ಡು ನೋಡಿದರೆ ಒಂದೇ ಒಂದು ಫೋಟೊ.

ಕ್ಯಾಮೆರಾ ಸಿಂಗಲ್ ಶಾಟಿನಲ್ಲಿತ್ತು. ಗುಂಡಿ ಎಷ್ಟು ಹೊತ್ತು ಕಚ್ಚಿಕೊಂಡಿದ್ದರೂ ಆ ಸ್ಥಿತಿಯಲ್ಲಿ ಅದು ತೆಗೆಯುವುದು ಒಂದೇ. ಕಂಟಿನ್ಯೂಯಸ್‌ಗೆ ತಿರುಗಿಸಿದರೆ ಮಾತ್ರ ಒಂದು ಮುಗಿದ ಕೂಡಲೇ ಇನ್ನೊಂದು. ಫೋಕಸನ್ನು ಮ್ಯಾನ್ಯುಯಲ್‌ಗೆ ಹಾಕುವುದು ನೆನಪಿತ್ತು, ಇಲ್ಲದಿದ್ದರೆ ಕತ್ತಲಲ್ಲಿ ಲೆನ್ಸು ಹಿಂದೆ ಮುಂದೆ ತಡಕಾಡುತ್ತ ಶಟರನ್ನೇ ಬಿಡುವುದಿಲ್ಲ. ಲಾಂಗ್ ಎಕ್ಸ್‌ಪೋಶರ್ ನಾಯ್ಸ್ ರಿಡಕ್ಷನ್ ಎಂಬ, ಫೋಟೊದ ಕಲೆ ತೆಗೆಯುವ ಸೌಲಭ್ಯವನ್ನು ಆಫ್ ಮಾಡಿದ್ದೆ, ಅದು ಇದ್ದರೆ ಪ್ರತಿ ಮೂವತ್ತು ಸೆಕೆಂಡಿಗೆ ಇನ್ನೊಂದು ಮೂವತ್ತು ಸೆಕೆಂಡು ಕ್ಯಾಮೆರಾ ತನ್ನ ಲೆಕ್ಕ ಮಾಡಿಕೊಳ್ಳುತ್ತ ಕೂರುತ್ತದೆ. ಎಲ್ಲ ನೆನಪಿಟ್ಟುಕೊಂಡು ಇದೊಂದನ್ನು ಮರೆತಿದ್ದೆ. ಅತ್ತ ಒಂದು ಗಂಟೆಯಲ್ಲಿ ಆಕಾಶ 15 ಡಿಗ್ರಿ ತಿರುಗಿಹೋಗಿತ್ತು.

ಹನ್ನೆರಡೂವರೆಗೆ ಮತ್ತೆ ಕಚ್ಚಿಸಿದೆ. ಈ ಸಲ ಎಲ್ಲಿಗೂ ಹೋಗಲಿಲ್ಲ. ಟಕ್, ಮೂವತ್ತು ಸೆಕೆಂಡಿನ ಮೌನ, ಟಕ್. ಕಂಬಳಿ ಹೊದ್ದು ಅದನ್ನೇ ಕೇಳುತ್ತ ಕೂತೆ. ನಿಜ ಹೇಳಬೇಕೆಂದರೆ ಕೈ ತುರಿಸುತ್ತಿತ್ತು. ಒಮ್ಮೆ ಪರದೆ ನೋಡೋಣ, ಒಮ್ಮೆ ಲೆನ್ಸ್ ಒರೆಸೋಣ ಅನ್ನಿಸುತ್ತಿತ್ತು. ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡೆ.

ಒಂದು ಗಂಟೆಯ ಸುಮಾರಿಗೆ ಮನೆಯ ಕಡೆಯಿಂದ ಟಾರ್ಚು ಹೊರಟಿತು. ನನ್ನ ಫ್ರೇಮಿನ ನಟ್ಟನಡುವೆ, ಹೊಲದ ಬದುವಿನ ಮೇಲೆ. ಕರೆಂಟು ಬಂದಿತ್ತು, ಸ್ಟಾರ್ಟರಿಗೆ ನೆಟ್‌ವರ್ಕ್ ಬಂದಿರಲಿಲ್ಲ. ಮಾವ ಎಷ್ಟು ಸಲ ಕಾಲ್ ಮಾಡಿದರೂ ಆ ಹೆಣ್ಣುದನಿ ಬಾಯಿ ಬಿಟ್ಟಿರಲಿಲ್ಲ. ಅವರದು ಕೈಕೊಟ್ಟ ರಾತ್ರಿಯೇ ನನ್ನದು ಕೆಲಸ ಮಾಡುತ್ತಿತ್ತು. ಕೂಗಿ ನಿಲ್ಲಿಸಲು ಬಾಯಿ ತೆರೆದವನು ಹಾಗೇ ಮುಚ್ಚಿಕೊಂಡೆ. ಕಡಲೆಕಾಯಿಗೆ ನೀರು ಬೇಕು. ಟಾರ್ಚು ಅರ್ಧ ದಾರಿಯಲ್ಲಿ ಒಂದು ಕಡೆ ನಿಂತಿತು, ಮೂರು ಫೋಟೊ ಆಗುವಷ್ಟು ಹೊತ್ತು. ಆಮೇಲೆ ಬದು ಬಿಟ್ಟು ಬಳಸಿಕೊಂಡು ಶೆಡ್ಡಿಗೆ ಹೋಯಿತು. ಮೋಟರು ಗುಂಯ್‌ಗುಟ್ಟಿತು.

ಎರಡು ಗಂಟೆಗೆ ಲೆನ್ಸಿನ ಮೇಲೆ ಇಬ್ಬನಿ ಕೂತು ಚಿಕ್ಕೆಗಳು ಮಂಕಾದವು. ಕಚ್ಚು ಬಿಡಿಸಿ ಎದ್ದೆ. ಫೋಟೊಗಳು ಒಟ್ಟು 170ರ ಹತ್ತಿರ.

ಬೆಂಗಳೂರಿಗೆ ಬಂದು ಸ್ಟಾರ್‌ಸ್ಟ್ಯಾಕ್ಸ್ ಎಂಬ ಪುಕ್ಕಟೆ ತಂತ್ರಾಂಶದಲ್ಲಿ ಜೋಡಿಸಿದೆ. ಪ್ರತಿ ಚುಕ್ಕೆಯ ಜಾಗದಲ್ಲಿ ಎಲ್ಲ ಫೋಟೊಗಳಿಗಿಂತ ಹೆಚ್ಚು ಬೆಳಗಿದ್ದನ್ನು ಅದು ಉಳಿಸಿಕೊಳ್ಳುತ್ತದೆ. ಈ ಸಲ ಹೊಲಿಗೆಯಿಲ್ಲ, ತುಂಡಿಲ್ಲದ ಗೆರೆಗಳು. ಧ್ರುವ ಮಾತ್ರ ಗೆರೆಯಾಗದೆ ದಪ್ಪ ಚುಕ್ಕೆಯಾಗಿದ್ದ. ಅವನೂ ಪೂರ್ತಿ ನಿಶ್ಚಲನೇನಲ್ಲ, ನಿಜವಾದ ಧ್ರುವಬಿಂದುವಿನಿಂದ ಅರ್ಧ ಡಿಗ್ರಿಗಿಂತ ಸ್ವಲ್ಪ ಹೆಚ್ಚೇ ಸರಿದು ಸುತ್ತುತ್ತಾನೆ, ಪುರೋಹಿತರಿಗೆ ಹೇಳಬೇಕಿಲ್ಲ. ಕೆಳಗೆ ಬದುವಿನುದ್ದಕ್ಕೂ ಮಾವನ ಟಾರ್ಚಿನ ಹಳದಿ ಗೆರೆ, ಅದರ ನಡುವೆ ಒಂದು ದೊಡ್ಡ ಬೆಳಕಿನ ಗಂಟು. ಆ ಫೋಟೊಗಳನ್ನು ತೆಗೆದುಹಾಕಿದರೆ ಆಕಾಶದ ಗೆರೆಗಳು ಕಡಿದುಹೋಗುತ್ತವೆ. ಹೊಲದ ಭಾಗಕ್ಕಷ್ಟೇ ಕಪ್ಪು ಬಳಿಯಬಹುದಿತ್ತು. ಬಳಿಯಲಿಲ್ಲ.

ಯುಗಾದಿಗೆ ಹೋದಾಗ ದೊಡ್ಡ ಪ್ರಿಂಟು ಹಾಕಿಸಿ ಒಯ್ದೆ. ಅತ್ತೆ ನೋಡಿ, "ಬಳೆ ಅಂಗಡಿ ಇದ್ದಂಗೆ ಐತೆ," ಎಂದು ಒಬ್ಬಟ್ಟಿನ ಕೆಲಸಕ್ಕೆ ಒಳಗೆ ಹೋದರು. ಮಾವ ಆಕಾಶದ ಕಡೆ ನೋಡಲೇ ಇಲ್ಲ. ಹಳದಿ ಗೆರೆಯ ಮೇಲೆ ಬೆರಳು ಎಳೆಯುತ್ತ ಬಂದು ಆ ಗಂಟಿನ ಮೇಲೆ ನಿಲ್ಲಿಸಿದರು. ಅಡುಗೆಮನೆಯ ಬಾಗಿಲ ಕಡೆ ಒಮ್ಮೆ ನೋಡಿದರು.

"ಇಲ್ಲೇ ಕಣೋ," ಅಂದರು ಮೆಲ್ಲಗೆ. "ಕೊಳಕುಮಂಡಲ. ಅಡ್ಡ ಮಲಗಿತ್ತು. ನಿಮ್ಮತ್ತೆಗೆ ಹೇಳಬೇಡ."