ಪೇಪರ್ ಬಾರದ ಶುಕ್ರವಾರ

ಸ್ವಾತಂತ್ರ್ಯ ದಿನಕ್ಕೆ ಪತ್ರಿಕಾ ಕಚೇರಿಗಳಿಗೂ ರಜೆ. ಹಾಗಾಗಿ ಆಗಸ್ಟ್ 16ಕ್ಕೆ ಮನೆಗೆ ಪೇಪರ್ ಬರುವುದಿಲ್ಲ. ಬೇರೆ ವರ್ಷಗಳಲ್ಲಿ ನಾನು ಇದನ್ನು ಅಷ್ಟಾಗಿ ಗಮನಿಸಿದ್ದೇ ಇಲ್ಲ. 2024ರ ಆಗಸ್ಟ್ 16 ಮಾತ್ರ ಮರೆಯುವ ಹಾಗಿಲ್ಲ. ಅವತ್ತು ಕೊಪ್ಪಳ ಜಿಲ್ಲೆಯ ಕಾರಟಗಿಯ ನಮ್ಮ ಓಣಿಯ ಜನ ಬೆಳಿಗ್ಗೆಯಿಂದ ಪೇಪರಿಗಾಗಿ ಚಡಪಡಿಸಿದ್ದನ್ನು ನೋಡಿದೆ. ಎಲ್ಲರ ಕೈಯಲ್ಲೂ ಫೋನ್ ಇತ್ತು. ಫೋನಿನ ತುಂಬಾ ಸುದ್ದಿಯೂ ಇತ್ತು. ಆದರೂ ಅವರಿಗೆ ಪೇಪರೇ ಬೇಕಿತ್ತು.

ಆ ವರ್ಷ ನಾಗರ ಪಂಚಮಿ ಆಗಸ್ಟ್ 9ರಂದು ಬಂದಿತ್ತು. ಪಂಚಮಿಗೆ ತವರಿಗೆ ಹೋಗದ ಹೆಣ್ಣುಮಕ್ಕಳು ನಮ್ಮ ಕಡೆ ಕಡಿಮೆ. ನಾನೂ ಕೆಲಸಕ್ಕೆ ರಜೆ ಹಾಕಿ ಬಳ್ಳಾರಿಯಿಂದ ಬಂದಿದ್ದೆ. ಶೇಂಗಾ ಉಂಡಿ, ಎಳ್ಳುಂಡಿ, ಅಳ್ಳಿಟ್ಟು ತಿಂದು ಬೇಗ ವಾಪಸ್ ಹೊರಡುವ ಲೆಕ್ಕ ನನ್ನದು. ಆದರೆ ಅಪ್ಪನಿಗೆ ಆಗಷ್ಟೇ ಕಣ್ಣಿನ ಪೊರೆಯ ಆಪರೇಷನ್ ಆಗಿತ್ತು. ಕಪ್ಪು ಕನ್ನಡಕ ಹಾಕಿಕೊಂಡು ಕಟ್ಟೆಯ ಮೇಲೆ ಕೂತಿರುತ್ತಿದ್ದ. ಔಷಧಿ ಹಾಕಿಸಿಕೊಳ್ಳಲು ಒಂದು ಮಾತೂ ಆಡದವನು ಪೇಪರ್ ಓದಲು ಆಗದಿದ್ದಕ್ಕೆ ಮಾತ್ರ ಗೊಣಗುತ್ತಿದ್ದ. "ನೀನ ಓದವಾ" ಅಂದ. ಹಾಗೆ ಆ ವಾರ ದಿನಾ ಬೆಳಿಗ್ಗೆ ಗಟ್ಟಿಯಾಗಿ ಪೇಪರ್ ಓದುವ ಕೆಲಸ ನನ್ನದಾಯಿತು.

ಅಪ್ಪನ ಓದಿಗೆ ಒಂದು ಕ್ರಮವಿದೆ. ಮೊದಲು ತುಂಗಭದ್ರಾ ಜಲಾಶಯದ ಮಟ್ಟ, ಒಳಹರಿವು, ಹೊರಹರಿವು. ಮಳೆಗಾಲದಲ್ಲಿ ಇದು ದಿನಾ ಒಂದು ಸಣ್ಣ ಚೌಕದೊಳಗೆ ಅಚ್ಚಾಗುತ್ತದೆ. ಆಮೇಲೆ ಭತ್ತದ ರೇಟು. ನಮ್ಮ ಕಡೆ ಭತ್ತಕ್ಕೆ 75 ಕೆಜಿ ಚೀಲದ ಲೆಕ್ಕ. ಅದಾದ ಮೇಲೆ ತೀರಿಕೊಂಡವರ ಸುದ್ದಿ, ಜಿಲ್ಲೆಯ ಪುಟ, ಕೊನೆಗೆ ಮುಖಪುಟ. ನಾನು ಮುಖಪುಟದಿಂದ ಶುರು ಮಾಡಿದರೆ ತಡೆಯುತ್ತಿದ್ದ. ಜಲಾಶಯದ ಮಟ್ಟವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಆಯಾ ತಾರೀಕಿನ ಮನೆಯೊಳಗೆ ಪೆನ್ನಿನಿಂದ ಬರೆಯುವುದು ಅವನ ಹಳೇ ರೂಢಿ. ಆ ವಾರ ಅದನ್ನೂ ನನ್ನಿಂದಲೇ ಬರೆಸಿದ.

ಇದು ಬರೀ ರೂಢಿ ಅಲ್ಲ. ಎಡದಂಡೆ ಕಾಲುವೆಯ ನೀರಿನ ಮೇಲೆ ಬದುಕುವ ಊರು ನಮ್ಮದು. ಗಂಗಾವತಿ, ಕಾರಟಗಿ, ಸಿಂಧನೂರು, ಮಾನ್ವಿ ಕಡೆಯ ಗದ್ದೆ, ರೈಸ್ ಮಿಲ್ಲು, ಹಮಾಲಿ ಕೆಲಸ ಎಲ್ಲವೂ ಆ ಒಂದು ಅಂಕಿಯನ್ನು ನಂಬಿಕೊಂಡಿವೆ. 2023ರಲ್ಲಿ ಬರ ಬಿದ್ದು ಡ್ಯಾಂ ತುಂಬಲಿಲ್ಲ, ಎರಡನೇ ಬೆಳೆಗೆ ನೀರೂ ಸಿಗಲಿಲ್ಲ. 2024ರಲ್ಲಿ ಡ್ಯಾಂ ತುಂಬಿದಾಗ ಊರಿಗೆ ಊರೇ ಉಸಿರು ಬಿಟ್ಟಿತ್ತು. ಗದ್ದೆಗಳಲ್ಲಿ ನಾಟಿ ನಡೆದಿತ್ತು.

ಹಬ್ಬದ ಮರುದಿನ ಶನಿವಾರ. ರಾತ್ರಿ ಹನ್ನೊಂದರ ಸುಮಾರಿಗೆ ಡ್ಯಾಮಿನ 19ನೇ ಕ್ರಸ್ಟ್ ಗೇಟಿನ ಚೈನ್ ತುಂಡಾಗಿ ಗೇಟೇ ಕೊಚ್ಚಿಹೋಯಿತು. ನಮಗೆ ಗೊತ್ತಾಗಿದ್ದು ಫೋನಿನಿಂದಲೇ. ಮಧ್ಯರಾತ್ರಿಗೆ ತಮ್ಮನ ಫೋನ್ ಬಡಿದುಕೊಳ್ಳತೊಡಗಿತು. "ಡ್ಯಾಂ ಒಡದೈತಂತ" ಅಂತ ಯಾರದೋ ದನಿ. ಯಾವುದೋ ದೇಶದ ಯಾವುದೋ ಡ್ಯಾಂ ಕುಸಿಯುವ ವಿಡಿಯೋ, ಅದರ ಮೇಲೆ ನಮ್ಮ ಡ್ಯಾಮಿನ ಹೆಸರು. ಆನೆಗೊಂದಿ ಕಡೆಯ ನೆಂಟರು ಹೊಳೆ ಏರುತ್ತದೇನೋ ಎಂದು ಹೆದರಿ ಕೇಳಿದರು. ಅವ್ವ ದೇವರ ಮುಂದೆ ದೀಪ ಹಚ್ಚಿದಳು. ಅವತ್ತು ಮನೆಯಲ್ಲಿ ಯಾರೂ ನಿದ್ದೆ ಮಾಡಲಿಲ್ಲ.

ಭಾನುವಾರ ನಮ್ಮ ಮನೆಗೆ ಬಂದ ಪೇಪರಿನಲ್ಲಿ ಈ ಸುದ್ದಿ ಇರಲಿಲ್ಲ. ದೂರದ ತಾಲ್ಲೂಕುಗಳಿಗೆ ಹೋಗುವ ಪ್ರತಿಗಳು ಬೇಗ ಅಚ್ಚಾಗುತ್ತವೆ, ಅಷ್ಟೊತ್ತಿಗೆ ಗೇಟು ಇನ್ನೂ ಗಟ್ಟಿಯಾಗಿಯೇ ಇತ್ತು. ಬೇಗ ಸುದ್ದಿ ಮುಟ್ಟಿಸುವುದರಲ್ಲಿ ಫೋನೇ ಮುಂದು. ಹೊಳೆದಂಡೆಯ ಊರುಗಳಿಗೆ ಎಚ್ಚರಿಕೆ ಬೇಗ ತಲುಪಿದ್ದರಲ್ಲಿ ಅದರ ಉಪಕಾರ ದೊಡ್ಡದು. ಇದನ್ನು ಮರೆತು ಪೇಪರನ್ನು ಹೊಗಳುವುದು ನನಗೆ ಇಷ್ಟವಿಲ್ಲ.

ಸೋಮವಾರ ಬೆಳಿಗ್ಗೆ ಮಾತ್ರ ಬೇರೆ ಥರ ಇತ್ತು. ನಾನು ಪೇಪರ್ ಬಿಚ್ಚುವ ಮೊದಲೇ ನಮ್ಮ ಕಟ್ಟೆ ತುಂಬಿತ್ತು. ಎದುರುಮನೆ ಕಾಕಾ, ಮಿಲ್ಲಿನಲ್ಲಿ ಹಮಾಲಿ ಮಾಡುವ ಅಣ್ಣ, ಪಕ್ಕದ ಮನೆಯ ಅಜ್ಜಿ, ಶಾಲೆಗೆ ಹೊರಟ ಹುಡುಗರು. ನಾನು ಓದುತ್ತಾ ಹೋದೆ. ಡ್ಯಾಮಿಗೆ 33 ಗೇಟು. ಒಂದೊಂದೂ 60 ಅಡಿ ಅಗಲ, 20 ಅಡಿ ಎತ್ತರ. ಅವನ್ನು ಚೈನಿನಿಂದ ಮೇಲೆ ಎತ್ತುತ್ತಾರೆ, ಕೆಳಗೆ ಬಿಡುತ್ತಾರೆ. ಕಟ್ಟಿದಾಗ ಡ್ಯಾಮಿನಲ್ಲಿ 133 ಟಿಎಂಸಿ ನೀರು ಹಿಡಿಯುತ್ತಿತ್ತು. ಹೂಳು ತುಂಬಿ ಈಗ ಹಿಡಿಯುವುದು 105 ಟಿಎಂಸಿ ಚಿಲ್ಲರೆ.

"ಒಂದ್ ಗೇಟ್ ಹೋದ್ರ ಉಳದ ಗೇಟು ಯಾಕ್ ತಗದಾರವಾ? ಇರೋ ನೀರೂ ಹೋತಲ್ಲ" ಎಂದ ಕಾಕಾ. ಊರಿಗೆಲ್ಲ ಇದ್ದ ಸಿಟ್ಟು ಅದೇ. ಎರಡು ದಿನದಿಂದ ಫೋನಿನಲ್ಲಿ ಇದೇ ಬೈಗುಳ ಓಡಾಡುತ್ತಿತ್ತು. ಪೇಪರಿನಲ್ಲಿ ಉತ್ತರ ಇತ್ತು, ಚಿತ್ರದ ಸಮೇತ. ಮುರಿದ ಜಾಗದ ಮೇಲೆ ನೀರಿನ ಒತ್ತಡ ಕಡಿಮೆ ಆಗಬೇಕು. ಮಟ್ಟ ಕೆಳಗಿಳಿಯದೆ ಅಲ್ಲಿ ಹೊಸ ಗೇಟು ಇಳಿಸುವುದು ಕಷ್ಟ. ಕಾಕಾ ಪೇಪರ್ ಇಸಿದುಕೊಂಡು ಆ ಚಿತ್ರವನ್ನು ಬಹಳ ಹೊತ್ತು ನೋಡಿದ. ಸಿಟ್ಟೇನೂ ಹೋಗಲಿಲ್ಲ. ಆದರೆ ಯಾವುದರ ಮೇಲೆ ಸಿಟ್ಟಾಗಬೇಕು ಅನ್ನುವುದು ಗೊತ್ತಾಯಿತು. ಚೈನನ್ನು ಹೊತ್ತುಹೊತ್ತಿಗೆ ನೋಡಿಕೊಳ್ಳಬೇಕಿತ್ತಲ್ಲ ಎಂಬ ಪ್ರಶ್ನೆ ಆ ದಿನ ಕಟ್ಟೆಯ ಮೇಲೆ ಎದ್ದಿತು. ಸರಿಯಾದ ಪ್ರಶ್ನೆ ಅದು.

ಅವ್ವನ ಬಗ್ಗೆ ಹೇಳಲೇಬೇಕು. ಅವಳು ಶಾಲೆಗೆ ಹೋದವಳಲ್ಲ. 90ರ ದಶಕದ ಸಾಕ್ಷರತಾ ಆಂದೋಲನದಲ್ಲಿ, ಸಂಜೆ ಕಂದೀಲಿನ ಬೆಳಕಿನಲ್ಲಿ ಅಕ್ಷರ ಕಲಿತವಳು. ಈಗಲೂ ದಪ್ಪಕ್ಷರದ ಹೆಡ್‌ಲೈನುಗಳನ್ನು ಬೆರಳಿಟ್ಟು ಕೂಡಿಸಿ ಕೂಡಿಸಿ ಓದುತ್ತಾಳೆ. ಒತ್ತಕ್ಷರ ಬಂದಲ್ಲಿ ನಿಲ್ಲುತ್ತಾಳೆ, ಮತ್ತೆ ಹಿಂದಿನಿಂದ ಹಿಡಿಯುತ್ತಾಳೆ. ತಮ್ಮ ಅವಳಿಗೂ ಒಂದು ಫೋನ್ ಕೊಡಿಸಿದ್ದಾನೆ. ಅದರಲ್ಲಿ ಯಾಕೆ ಓದುವುದಿಲ್ಲ ಅಂತ ಆ ವಾರ ಕೇಳಿದೆ. "ಅದ್ರಾಗ ಬೆರಳ ಇಟ್ರ ಅಕ್ಷರ ಓಡ್ತಾವವಾ. ಇದ್ರಾಗ ನಿಂತಿರ್ತಾವ" ಅಂದಳು.

ಪೇಪರಿನ ಬಗ್ಗೆ ಮಾತು ಬಂದಾಗ ಜನ ಸಾಮಾನ್ಯವಾಗಿ ಶಾಯಿಯ ವಾಸನೆ, ಕಾಫಿಯ ಘಮ ಅಂತೆಲ್ಲ ಹೇಳುತ್ತಾರೆ. ನನಗೂ ಅವು ಇಷ್ಟವೇ. ಆದರೆ ಅವ್ವನ ಮಾತೇ ನಿಜವಾದ ಕಾರಣ ಅಂತ ನನಗೆ ಅನ್ನಿಸುತ್ತದೆ. ಅಚ್ಚಾದದ್ದು ನಿಂತಿರುತ್ತದೆ. ನಿಧಾನ ಓದುವವಳಿಗೆ ಅದು ಕಾಯುತ್ತದೆ. ಅಪ್ಪ ನಿನ್ನೆಯ ಅಂಕಿಯ ಪಕ್ಕ ಇವತ್ತಿನದನ್ನು ಬರೆಯಬಹುದು. ಕಟ್ಟೆಯ ಮೇಲೆ ಕೂತ ಅಷ್ಟೂ ಜನ ಒಂದೇ ಸಾಲಿನ ಮೇಲೆ ಬೆರಳಿಟ್ಟು ಜಗಳ ಆಡಬಹುದು.

ಇನ್ನೊಂದು ಖುಷಿಯೂ ಇದೆ. ಪೇಪರಿಗೆ ಕೊನೆಯ ಪುಟ ಅಂತ ಒಂದಿದೆ. ಅದನ್ನೂ ಓದಿಯಾದ ಮೇಲೆ ಅಪ್ಪ "ಮುಗೀತು" ಅಂತ ಮಡಚಿ ಎದ್ದುಬಿಡುತ್ತಿದ್ದ. ಫೋನಿನಲ್ಲಿ ಡ್ಯಾಮಿನ ಸುದ್ದಿ ನೋಡುತ್ತಾ ಕೂತ ತಮ್ಮ ಆ ವಾರ ಒಂದು ಸಲವೂ ಮುಗೀತು ಅನ್ನಲಿಲ್ಲ. ಊಟಕ್ಕೆ ಕರೆದರೂ ಹೆಬ್ಬೆರಳು ಮೇಲೆ ಕೆಳಗೆ ಆಡುತ್ತಲೇ ಇತ್ತು. ಅವನ ಮುಖ ನೋಡಿದರೆ ಪಾಪ ಅನ್ನಿಸುತ್ತಿತ್ತು.

ಗೇಟುಗಳ ತಜ್ಞ ಕನ್ನಯ್ಯ ನಾಯ್ಡು ಬಂದಿದ್ದರು. ನೀರು ಹರಿಯುತ್ತಿರುವಾಗಲೇ ಸ್ಟಾಪ್‌ಲಾಗ್ ಇಳಿಸುವ ತಯಾರಿ ನಡೆಯಿತು. ಸ್ಟಾಪ್‌ಲಾಗ್ ಅಂದರೆ ಅಡ್ಡಲಾಗಿ ಒಂದರ ಮೇಲೊಂದು ಇಳಿಸುವ ಉಕ್ಕಿನ ಹಲಗೆ. 60 ಅಡಿ ಉದ್ದ, 4 ಅಡಿ ಎತ್ತರದ ಐದು ಹಲಗೆ ಕೂಡಿಸಿದರೆ ಒಂದು ಗೇಟು. ದಿನಾ ಎಷ್ಟು ನೀರು ಹೋಯಿತು, ಎಷ್ಟು ಉಳಿಯಿತು ಅಂತ ಓದಿ ಹೇಳುವಾಗ ನನ್ನ ದನಿಯೇ ಇಳಿಯುತ್ತಿತ್ತು.

ಆಮೇಲೆ ಶುಕ್ರವಾರ ಬಂತು. ಹಿಂದಿನ ದಿನ ಧ್ವಜ ಹಾರಿಸಿ ಬಂದವರಿಗೆಲ್ಲ ಪೇಪರಿಗೆ ರಜೆ ಅನ್ನುವುದು ಗೊತ್ತಿತ್ತು. ಆದರೂ ಹೊತ್ತಾಗುತ್ತಲೇ ಒಬ್ಬೊಬ್ಬರಾಗಿ ಕಟ್ಟೆಗೆ ಬಂದರು. "ಇವತ್ತ ಇಲ್ಲಲ್ಲ" ಅಂತ ತಾವೇ ಹೇಳಿಕೊಂಡು ಕೂತರು. ವರಮಹಾಲಕ್ಷ್ಮಿ ಪೂಜೆಗೆ ಅವ್ವ ಬಾಗಿಲಿಗೆ ತೋರಣ ಕಟ್ಟುತ್ತಿದ್ದಳು. ಎಲ್ಲರೂ ಫೋನ್ ತೆಗೆದರು.

ಹಮಾಲಿ ಅಣ್ಣನ ಫೋನಿನಲ್ಲಿ ಗೇಟು ಕೂಡಿಸಿ ಆಗಿತ್ತು. ಕಾಕಾನ ಫೋನಿನಲ್ಲಿ ಕೆಲಸ ನಿಂತುಹೋಗಿತ್ತು. ಇನ್ನೊಬ್ಬರ ಫೋನಿನಲ್ಲಿ ಈ ಬೆಳೆಗೂ ನೀರು ಬಿಡುವುದಿಲ್ಲ ಅಂತ ತೀರ್ಮಾನವೇ ಆಗಿಹೋಗಿತ್ತು. ಒಬ್ಬರು ತೋರಿಸಿದ್ದು ಇನ್ನೊಬ್ಬರ ಫೋನಿನಲ್ಲಿ ಇರಲಿಲ್ಲ. ಹುಡುಕುವಷ್ಟರಲ್ಲಿ ಅದು ಎಲ್ಲೋ ಮೇಲಕ್ಕೆ ಹೋಗಿರುತ್ತಿತ್ತು. ಸ್ವಲ್ಪ ಹೊತ್ತಿಗೆ ಮಾತು ಡ್ಯಾಂ ಬಿಟ್ಟು ನಿಮ್ಮ ಪಾರ್ಟಿ, ನಮ್ಮ ಪಾರ್ಟಿ ಅನ್ನುವಲ್ಲಿಗೆ ಹೋಯಿತು. ಕಾಕಾ ಮುಖ ಕೆಂಪಗೆ ಮಾಡಿಕೊಂಡು ಎದ್ದು ಹೋದ. ಅದೇ ಜನ, ಅದೇ ಕಟ್ಟೆ. ಸೋಮವಾರ ಅಷ್ಟು ಚೆಂದ ವಾದ ಮಾಡಿದವರು ಇವರೇ ಅಲ್ವಾ ಅನ್ನಿಸಿತು. ಅವತ್ತು ಅವರ ನಡುವೆ ಹಾಸಿಕೊಳ್ಳಲು ಒಂದು ಹಾಳೆ ಇರಲಿಲ್ಲ, ಅಷ್ಟೇ.

ಮಧ್ಯಾಹ್ನ ಅಪ್ಪ ಹಳೇ ಪೇಪರ್ ತರಿಸಿ ಕೊನೆಯ ಪುಟದ ತಳ ನೋಡು ಅಂದ. ಅಲ್ಲಿ ಸಣ್ಣಕ್ಷರದಲ್ಲಿ ಮುದ್ರಕರು, ಪ್ರಕಾಶಕರು, ಸಂಪಾದಕರ ಹೆಸರು, ಎಲ್ಲಿ ಅಚ್ಚಾಯಿತು ಎಂಬ ವಿಳಾಸ. ಮುದ್ರಕರು, ಪ್ರಕಾಶಕರ ಹೆಸರನ್ನು 1867ರ ಪತ್ರಿಕಾ ಕಾಯ್ದೆಯ ಕಾಲದಿಂದ ಹೀಗೆ ಹಾಕಲೇಬೇಕು. ಈಗ ಅದರ ಜಾಗಕ್ಕೆ 2023ರ ಹೊಸ ಕಾಯ್ದೆ ಬಂದಿದೆ. "ಬರದಾವ ಯಾರಂತ ಗೊತ್ತೈತಿ. ತಪ್ಪಾದ್ರ ಹೋಗಿ ಕೇಳಬಹುದು" ಎಂದ ಅಪ್ಪ. ಪೇಪರಿನವರೂ ತಪ್ಪು ಬರೆಯುತ್ತಾರೆ. ಒಂದೊಂದು ಸಲ ಪಕ್ಷಪಾತವನ್ನೂ ಮಾಡುತ್ತಾರೆ. ಅದು ಅಪ್ಪನಿಗೆ ಚೆನ್ನಾಗಿ ಗೊತ್ತು, ಓದುತ್ತಾ ಬೈಯುವುದೂ ಉಂಟು. ಆದರೆ ಅಚ್ಚಾದ ತಪ್ಪು ಅಳಿಸಿಹೋಗುವುದಿಲ್ಲ. ಮರುದಿನ ತೋರಿಸಿ ಕೇಳಲು ಕೈಯಲ್ಲೇ ಇರುತ್ತದೆ.

ಆಗ ನಾನು ನಮ್ಮ ಬಳ್ಳಾರಿಯ ವಿಷಯ ಹೇಳಿದೆ. ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' 1843ರ ಜುಲೈ 1ಕ್ಕೆ ಮಂಗಳೂರಿನಲ್ಲಿ ಹುಟ್ಟಿತು. ತಂದವರು ಹರ್ಮನ್ ಮೊಗ್ಲಿಂಗ್. ಜುಲೈ 1ನ್ನು ಪತ್ರಿಕಾ ದಿನ ಅಂತ ಆಚರಿಸುವುದು ಅದಕ್ಕೇ. ಇದು ಎಲ್ಲರಿಗೂ ಗೊತ್ತು. ಮಾರನೇ ವರ್ಷ ಅದೇ ಪತ್ರಿಕೆ ಬಳ್ಳಾರಿಗೆ ಬಂದು 'ಕನ್ನಡ ಸಮಾಚಾರ' ಆಯಿತು ಅನ್ನುವುದು ನಮ್ಮ ಕಡೆಯವರಿಗೇ ಜಾಸ್ತಿ ಗೊತ್ತಿಲ್ಲ. ಮಂಗಳೂರಿನಲ್ಲಿ ಕಲ್ಲಚ್ಚು, ಅಂದರೆ ಕಲ್ಲಿನ ಮೇಲೆ ಬರೆದು ಒತ್ತುವುದು. ಬಳ್ಳಾರಿಯಲ್ಲಿ ಒಂದೊಂದೇ ಅಕ್ಷರದ ಮೊಳೆ ಜೋಡಿಸಿ ಒತ್ತುವ ಮೊಳೆ ಅಚ್ಚಿನ ಅನುಕೂಲ ಇತ್ತು. "ನಮ್ಮ ಬಿಸಲಾಗ ಪೇಪರ್ ಅಚ್ಚಾಗೂದು ಅಷ್ಟು ಹಳೇದನ?" ಅಂತ ಅಪ್ಪ ಕೇಳಿದ. ಅವನ ದನಿಯಲ್ಲಿದ್ದ ಹೆಮ್ಮೆ ನನಗೂ ಇತ್ತು.

ಸಂಜೆ ನಿಜವಾದ ಸುದ್ದಿ ಬಂತು. ಮೊದಲ ಸ್ಟಾಪ್‌ಲಾಗ್ ಇಳಿದಿತ್ತು. ತಮ್ಮ ಕುಣಿದುಕೊಂಡು ಹೊರಗೆ ಓಡಿದ, ಫೋನ್ ತೋರಿಸಿದ. ಆದರೆ ಓಣಿಯಲ್ಲಿ ಯಾರೂ ನಂಬಲಿಲ್ಲ. "ಮುಂಜಾನಿನೂ ಇದ ಬಂದಿತ್ತಲ್ಲೋ" ಅಂದರು. ಟಿವಿ ನೋಡಿದವರು ಹೌದು ಅಂದರೂ ಹಮಾಲಿ ಅಣ್ಣ ತಲೆ ಆಡಿಸಿದ, "ನಾಳಿ ನೋಡೂಣು". ನನಗೆ ಹೊಟ್ಟೆಯಲ್ಲಿ ಸಂಕಟವಾಯಿತು. ಆ ವಾರದ ಅತಿ ಒಳ್ಳೆಯ ಸುದ್ದಿ ಕೈಯಲ್ಲೇ ಇತ್ತು, ಆದರೆ ಬೆಳಿಗ್ಗೆಯಿಂದ ಬಂದ ಸುಳ್ಳುಗಳ ನಡುವೆ ಅದರ ಬೆಲೆ ಹೋಗಿತ್ತು.

ಶನಿವಾರ ಪೇಪರ್ ಹುಡುಗ ಸೈಕಲ್ ನಿಲ್ಲಿಸುವಷ್ಟರಲ್ಲಿ ಕಾಕಾ ಕೈ ಚಾಚಿದ್ದ. ಹಿಂದಿನ ದಿನದ ಸಿಟ್ಟು ಯಾರಿಗೂ ನೆನಪಿರಲಿಲ್ಲ. ಅವ್ವ ಹೆಡ್‌ಲೈನಿಗೆ ಬೆರಳಿಟ್ಟಳು. ಎಲ್ಲರಿಗೂ ಓದಲು ಬರುತ್ತಿತ್ತು, ಆದರೂ ಅವಳು ಮುಗಿಸುವ ತನಕ ಸುಮ್ಮನಿದ್ದರು. ಆಮೇಲೆ ಹಾಳೆಗಳು ಬೇರೆಯಾದವು. ಅಣ್ಣನಿಗೆ ಜಿಲ್ಲೆಯ ಪುಟ, ಹುಡುಗರಿಗೆ ಆಟದ ಪುಟ, ಅಪ್ಪನ ಪಾಲಿಗೆ ನಾನು. ಇನ್ನೂ ನಾಲ್ಕು ಹಲಗೆ ಇಳಿಯಬೇಕು ಅಂತ ಓದಿದೆ. ನಾಟಿಗೆ ತಂದ ಸಸಿ ಒಣಗಿಸಬೇಡ, ಆಳುಗಳಿಗೆ ಹೇಳಿ ಕಳಿಸು ಅಂತ ಅಪ್ಪ ತಮ್ಮನಿಗೆ ಹೇಳಿದ.

ಕಾಕಾ ತನ್ನ ಫೋನ್ ತೆಗೆದು ಪೇಪರಿನ ಫೋಟೋ ಹೊಡೆದ. ಸಿಂಧನೂರಿನ ಹತ್ತಿರದ ಕ್ಯಾಂಪ್ ಅನ್ನುವ ಹಳ್ಳಿಯಲ್ಲಿರುವ ಅಳಿಯನಿಗೆ ಕಳಿಸಿದ. "ಪೇಪರಿನ್ಯಾಗ ಬಂದೈತಿ ಅಂದ್ರ ನಂಬ್ತಾರ" ಅಂದ. ತುಸು ಹೊತ್ತಿಗೆ ಆ ಕಡೆಯಿಂದ ಫೋನ್ ಬಂತು. ಕೆಳಗಿನ ಸಾಲುಗಳು ಕಾಣುತ್ತಿಲ್ಲವಂತೆ, ಅಲ್ಲಿಯೂ ಮಂದಿ ಕೂತಿದ್ದಾರಂತೆ, ಪೂರ್ತಿ ಪುಟ ಬೇಕಂತೆ. ಹುಡುಗರ ಕೈಯಿಂದ ಉಳಿದ ಹಾಳೆಗಳನ್ನೂ ಕೇಳಿ ತಗೊಂಡು ಕಟ್ಟೆಯ ಮೇಲೆ ಹಾಸಿದೆವು. ಗಾಳಿಗೆ ಹಾರದಂತೆ ನಾನೊಂದು ಮೂಲೆ, ಅಣ್ಣನೊಂದು ಮೂಲೆ ಹಿಡಿದೆವು. ಕಾಕಾ ಒಂದೊಂದೇ ಪುಟದ ಫೋಟೋ ಹೊಡೆಯತೊಡಗಿದ.