ಸ್"ಥಳ": ಒತ್ತಕ್ಷರ ಒಡೆದ ರೆಜೆಕ್ಸ್

ಡೊಂಬಿವಲಿ, ಶನಿವಾರ ರಾತ್ರಿ

ನಮ್ಮ ಕನ್ನಡ ಸಂಘದ ಕಾರ್ಯಕ್ರಮಗಳ ಪಟ್ಟಿ ಜಾವಾಸ್ಕ್ರಿಪ್ಟ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಆಬ್ಜೆಕ್ಟ್ ರೂಪದಲ್ಲಿದೆ. ಶುರು ಮಾಡಿದವನು ನಾನೇ. ಉತ್ಸಾಹದಲ್ಲಿ ಕೀಗಳನ್ನೂ (ಪ್ರತಿ ಮಾಹಿತಿಯ ಹೆಸರುಗಳನ್ನೂ) ಕನ್ನಡದಲ್ಲೇ ಇಟ್ಟೆ: ದಿನ, ವೇಳೆ, ಸ್ಥಳ, ವಿಷಯ. ಜಾವಾಸ್ಕ್ರಿಪ್ಟ್ ಅದಕ್ಕೆ ಚಕಾರ ಎತ್ತುವುದಿಲ್ಲ. ಪಟ್ಟಿಯನ್ನು ಬದಲಿಸಬೇಕಾಗಿರುವುದು ಜೇಸನ್‌ಗೆ, ಅಂದರೆ ಮಾಹಿತಿ ಬರೆದಿಡುವ ಒಂದು ಪಠ್ಯರೂಪಕ್ಕೆ. ಅದು ಮಾತ್ರ ಮಡಿವಂತ: ಕೀಗೆ ಜೋಡಿ ಉದ್ಧರಣ ಚಿಹ್ನೆ ಬೇಕು, ಒಂಟಿ ಚಿಹ್ನೆ ನಡೆಯದು, ಕೊನೆಯಲ್ಲೊಂದು ಅಲ್ಪವಿರಾಮ ಉಳಿದರೂ ಇಡೀ ಕಡತ ತಿರಸ್ಕೃತ.

ಆಬ್ಜೆಕ್ಟನ್ನು ಓಡಿಸಿ ಜೇಸನ್.ಸ್ಟ್ರಿಂಗಿಫೈಗೆ ಕೊಟ್ಟರೆ ಒಂದೇ ಸಾಲಿನ ಕೆಲಸ, ನಿಜ. ಆದರೆ ಪಟ್ಟಿಯನ್ನು ಈಗ ನಾಲ್ಕಾರು ಜನ ವಾಟ್ಸ್‌ಆ್ಯಪ್‌ನಲ್ಲಿ ತಿದ್ದಿ ಕಳುಹಿಸುತ್ತಾರೆ. ಹಾಗೆ ಬಂದ ಪಠ್ಯವನ್ನು ಕೋಡ್ ಎಂದು ಓಡಿಸುವ ಧೈರ್ಯ ನನಗಿಲ್ಲ. ಅದಕ್ಕೇ, ಓಡಿಸದೆ ಪಠ್ಯವನ್ನಷ್ಟೇ ಜೇಸನ್‌ಗೆ ತಿದ್ದುವ ಪರಿವರ್ತಕ.

ಕೀ ಹುಡುಕಿ ಉದ್ಧರಣ ಹಾಕಲು ಮೊದಲು ಬರೆದದ್ದು ರೆಜೆಕ್ಸ್, ಅಂದರೆ ಪಠ್ಯದಲ್ಲಿ ಬೇಕಾದ ಮಾದರಿ ಹುಡುಕುವ ಸೂತ್ರ. ಆ ರೆಜೆಕ್ಸ್‌ನ \ಡಬ್ಲ್ಯೂ ಸಂಕೇತ ಇಂಗ್ಲಿಷ್ ಅಕ್ಷರ, ಅಂಕಿ, ಅಡಿಗೆರೆ ಬಿಟ್ಟು ಬೇರೇನನ್ನೂ ಕಾಣುವುದಿಲ್ಲ. ಕನ್ನಡದ ಕೀಗಳೆಲ್ಲ ಬರಿಮೈಯಲ್ಲೇ ಹೊರಬಂದವು. ಅದರ ಬದಲು, ಲಿಪಿಗಳಿಗೆ ಸಂಕೇತ ಗೊತ್ತುಮಾಡುವ ಯೂನಿಕೋಡ್‌ನ 'ಅಕ್ಷರ' ವರ್ಗ ಹಾಕಿದೆ. ಆಗ ಬಂದದ್ದು ಇದು:

ಸ್"ಥಳ":
ವಿ"ಷಯ":
ವೇಳೆ:

ನಗು ಬಂತು, ಆಮೇಲೆ ಹೊಳೆಯಿತು. ನಾವು ಒಂದೇ ಅಕ್ಷರವೆಂದು ಓದುವ 'ವಿ' ಯೂನಿಕೋಡ್‌ಗೆ ಎರಡು: ವ ಅಕ್ಷರ, ಗುಡಿಸು ಬರಿಯ ಗುರುತು. ಅರ್ಧಾಕ್ಷರದ ಚಿಹ್ನೆಯೂ ಹಾಗೆಯೇ. ಗುರುತು ಕಂಡಲ್ಲೆಲ್ಲ ರೆಜೆಕ್ಸ್ ನಿಂತು, ಅದರ ಮುಂದಿನಿಂದ ಹೊಸದಾಗಿ ಹುಡುಕುತ್ತಿತ್ತು. 'ವೇಳೆ' ಎತ್ವದಲ್ಲೇ ಮುಗಿಯುವುದರಿಂದ ಸಿಗಲೇ ಇಲ್ಲ.

ಭಾನುವಾರ

ಅಕ್ಷರ ವರ್ಗದ ಬದಲು ಐಡಿ_ಸ್ಟಾರ್ಟ್, ಐಡಿ_ಕಂಟಿನ್ಯೂ (ಹೆಸರಿನ ಮೊದಲಿಗೆ, ಮುಂದಕ್ಕೆ ಸಲ್ಲುವ ಅಕ್ಷರ, ಗುರುತುಗಳ ವರ್ಗಗಳು) ಹಾಕಿದೆ. 2018ರ ಆವೃತ್ತಿಯಿಂದ ಜಾವಾಸ್ಕ್ರಿಪ್ಟ್ ಭಾಷೆಯಲ್ಲೇ ಇವೆ. ನಾಲ್ಕೂ ಕೀ ಸರಿಯಾದವು. 'ಫೋನ್‌ಸಂಖ್ಯೆ' ಎಂಬ ಇನ್ನೊಂದು ಕೀ ಮಾತ್ರ ಹಟ ಹಿಡಿಯಿತು. ನ್ ಮತ್ತು ಸ ಕೂಡಿ ಒತ್ತಾಗದಂತೆ ತಡೆಯಲು ನಡುವೆ ಕಣ್ಣಿಗೆ ಕಾಣದ ಶೂನ್ಯ ಅಗಲದ ಅಕ್ಷರವೊಂದು ಕೂತಿರುತ್ತದೆ. ಜಾವಾಸ್ಕ್ರಿಪ್ಟ್ ಹೆಸರಿನ ನಡುವೆ ಅದನ್ನು ಒಪ್ಪುತ್ತದೆ, ನನ್ನ ನಿಯಮ ಒಪ್ಪಿರಲಿಲ್ಲ. ಪ್ರತ್ಯೇಕವಾಗಿ ಸೇರಿಸಿದೆ.

ಅಷ್ಟರಲ್ಲಿ ಕಾರ್ಯದರ್ಶಿಗಳ ಫೋನ್. "ಏನಪ್ಪಾ, ಪಟ್ಟಿ ಇನ್ನೂ ಬರಲಿಲ್ಲ?"

"ಸಂಜೆಯೊಳಗೆ ಕಳುಹಿಸುತ್ತೇನೆ ಸರ್" ಎಂದೆ. ಒತ್ತಕ್ಷರದ ಕಥೆ ಹೇಳಲಿಲ್ಲ.

ಮಧ್ಯಾಹ್ನ 'ಸೂಚನೆ: ಊಟವಿದೆ' ಎಂಬ ಸ್ಟ್ರಿಂಗ್‌ನೊಳಗಿನ (ಉದ್ಧರಣದ ನಡುವಿನ ಪಠ್ಯದೊಳಗಿನ) 'ಸೂಚನೆ'ಗೂ ಉದ್ಧರಣ ಬಿತ್ತು. ಅಲ್ಲಿಗೆ ರೆಜೆಕ್ಸ್‌ನ ಸಹವಾಸ ಸಾಕೆನಿಸಿತು. ಈಗ ಒಂದೊಂದೇ ಅಕ್ಷರ ಓದುತ್ತ, ಸ್ಟ್ರಿಂಗ್‌ನ ಒಳಗಿದ್ದೇನೋ ಹೊರಗಿದ್ದೇನೋ ಎಂದು ನೆನಪಿಡುವ ಪುಟ್ಟ ಪಾರ್ಸರ್ ಇದೆ. ಅಂತರ್ಜಾಲ ವಿಳಾಸದೊಳಗಿನ ಜೋಡಿ ಓರೆಗೆರೆಯನ್ನು ಕಾಮೆಂಟ್ (ಕೋಡಿನ ನಡುವಿನ ಟಿಪ್ಪಣಿ) ಎಂದು ಕತ್ತರಿಸುವ ಕಾಟವೂ ತಪ್ಪಿತು.

ಪಟ್ಟಿ ಹೋಯಿತು. ಉಳಿದಿರುವುದು ಯಾರೋ ಬರೆದ 'ದಿನ: 010'. ಜೇಸನ್‌ನಲ್ಲಿ ಅದು ತಪ್ಪು. ಜಾವಾಸ್ಕ್ರಿಪ್ಟ್‌ನ ಹಳೆಯ ಅಷ್ಟಮಾನ (ಎಂಟರ ಲೆಕ್ಕದ) ಪದ್ಧತಿಯಲ್ಲಿ 8. ಹತ್ತನೇ ತಾರೀಖಿನ ತಾಳಮದ್ದಳೆಗೆ ಜನ ಎರಡು ದಿನ ಮೊದಲೇ ಬಂದು ಕೂರುವುದು ಬೇಡ. ಸದ್ಯ ಪರಿವರ್ತಕ ಅಲ್ಲಿ ಸಾಲಿನ ಸಂಖ್ಯೆ ತೋರಿಸಿ ನಿಲ್ಲುವಂತೆ ಮಾಡಿದ್ದೇನೆ.