ಜಗತ್ತು ಕಾಳೋ, ನೀರೋ?

“ಜಗತ್ತು ಜ್ವಾಳದ ಕಾಳಿನಂಗ ಬಿಡಿಬಿಡಿ ಐತೇನ್ರೀ ಸರ, ಇಲ್ಲಾ ನೀರಿನಂಗ ಒಂದ ಐತೇನ್ರೀ?” ಬಾಗಲಕೋಟೆಯಲ್ಲಿ ಭೌತಶಾಸ್ತ್ರ ಕಲಿಸುವ ನನ್ನನ್ನು ಪ್ರತಿವರ್ಷವೂ ಯಾರಾದರೊಬ್ಬ ವಿದ್ಯಾರ್ಥಿ ಈ ಪ್ರಶ್ನೆ ಕೇಳಿಯೇ ಕೇಳುತ್ತಾನೆ. ನೀರೂ ಕಾಳೇ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಇಳಕಲ್ಲ ಸೀರೆ ದೂರದಿಂದ ಒಂದೇ ಬಣ್ಣದ ಹರವಾಗಿ ಕಾಣುತ್ತದೆ. ಭೂತಗನ್ನಡಿ ಹಿಡಿದರೆ, ಹಾಸಿನ ಎಳೆಗಳ ಮೇಲೊಮ್ಮೆ ಕೆಳಗೊಮ್ಮೆ ಹಾಯ್ದುಹೋದ ಹೊಕ್ಕಿನ ಎಳೆಯೂ ನಡುವೆ ಸೂಜಿಮೊನೆಯಷ್ಟು ಬಯಲೂ ಕಾಣುತ್ತವೆ. ದ್ರವ್ಯವೂ ಹೀಗೆಯೇ ಬಿಡಿಬಿಡಿ ಎಂಬುದನ್ನು ಫ್ರಾನ್ಸಿನ ಭೌತವಿಜ್ಞಾನಿ ಪೆರಿನ್ 1908ರ ಸುಮಾರಿಗೆ, ನೀರಿನಲ್ಲಿ ತೇಲುವ ಸೂಕ್ಷ್ಮ ರಾಳದ ಕಣಗಳನ್ನು ಅಳೆದು ತೋರಿಸಿದರು.

ತೊಡಕು ಇರುವುದು ಮುಂದೆ. 1900ರಲ್ಲಿ ಮ್ಯಾಕ್ಸ್ ಪ್ಲಾಂಕ್, ಕಾದ ವಸ್ತು ಸೂಸುವ ಬೆಳಕನ್ನು ವಿವರಿಸಲು ಶಕ್ತಿಯನ್ನು ಗಂಟುಗಂಟಾಗಿ ಎಣಿಸಬೇಕಾಯಿತು; ಒಂದೊಂದು ಗಂಟೂ ಒಂದು ‘ಕ್ವಾಂಟಂ’. ಅಂದಿನಿಂದ ‘ಕ್ವಾಂಟಂ ಎಂದರೆ ಎಲ್ಲವೂ ಬಿಡಿಬಿಡಿ’ ಎಂಬ ಮಾತು ಹಾಸುಹೊಕ್ಕಾಗಿದೆ. ಇದನ್ನು ನಾನು ಒಪ್ಪುವುದಿಲ್ಲ. ಹೈಡ್ರೋಜನ್ ಪರಮಾಣುವಿನಲ್ಲಿ ಸಿಲುಕಿದ ಎಲೆಕ್ಟ್ರಾನಿಗೆ ಮೈನಸ್ 13.6 ಎಲೆಕ್ಟ್ರಾನ್ ವೋಲ್ಟ್ (ಸೂಕ್ಷ್ಮಕಣಗಳ ಶಕ್ತಿಯನ್ನು ಅಳೆಯುವ ಮಾನ) ಶಕ್ತಿ ಸಲ್ಲುತ್ತದೆ, ಮೈನಸ್ 3.4 ಸಲ್ಲುತ್ತದೆ, ನಡುವಿನ ಯಾವುದೂ ಸಲ್ಲುವುದಿಲ್ಲ, ನಿಜ. ಆದರೆ ಅದೇ ಎಲೆಕ್ಟ್ರಾನ್ ಬಿಡಿಸಿಕೊಂಡು ಹೊರಬಂದೊಡನೆ ಎಷ್ಟು ಶಕ್ತಿಯನ್ನಾದರೂ ಹೊಂದಬಲ್ಲದು. ಇಂಥ ಕಣಗಳ ನಡೆಯನ್ನು ವಿವರಿಸುವ 1926ರ ಶ್ರೋಡಿಂಗರ್ ಸಮೀಕರಣದಲ್ಲಿ ದೇಶವೂ (ಎಂದರೆ ವಸ್ತುಗಳಿರುವ ಅವಕಾಶ, ‘ಸ್ಪೇಸ್’) ಕಾಲವೂ ಅಖಂಡವೇ. ತರಗತಿಗೆ ಏಕತಾರಿ ತಂದು, ತಂತಿಯ ನಟ್ಟನಡುವೆ ಬೆರಳ ತುದಿ ಸೋಕಿಸಿ ಮೀಟಿದರೆ ಸ್ವರ ಒಮ್ಮೆಲೇ ಮೇಲಿನ ಷಡ್ಜಕ್ಕೆ ನೆಗೆಯುತ್ತದೆ. ತಂತಿಯಲ್ಲಿ ಎಲ್ಲಿಯೂ ಕಡಿತವಿಲ್ಲ. ಎರಡೂ ತುದಿ ಬಿಗಿದಿರುವುದರಿಂದ ಅದು ಮೂಲಸ್ವರದ ಎರಡರಷ್ಟು, ಮೂರರಷ್ಟು, ಹೀಗೆ ಪೂರ್ಣಸಂಖ್ಯೆಯ ಕಂಪನಗಳನ್ನಷ್ಟೇ ತಾಳಿಕೊಳ್ಳುತ್ತದೆ. ಪರಮಾಣುವಿನ ಮೆಟ್ಟಿಲುಗಳೂ ಇದೇ ರೀತಿ, ಅಖಂಡವಾದುದನ್ನು ಕಟ್ಟಿಹಾಕಿದ್ದರಿಂದ ಹುಟ್ಟಿದವು.

ಹಾಗಾದರೆ ದೇಶಕಾಲಗಳಿಗೇ ಎಳೆಗಳಿವೆಯೇ? ಇದ್ದರೆ ಪ್ಲಾಂಕ್ ಉದ್ದದ, ಅಂದರೆ ಸುಮಾರು 1.6 × 10⁻³⁵ ಮೀಟರಿನ ಆಸುಪಾಸಿನಲ್ಲಿರಬಹುದೆಂದು ಹಲವರ ಊಹೆ. ಅಲ್ಲಿಗೆ ಯಾವ ಭೂತಗನ್ನಡಿಯೂ ಮುಟ್ಟದು, ಆದರೂ ಒಂದು ಪರೀಕ್ಷೆ ತಾನಾಗಿ ಒದಗಿಬಂತು. 2009ರ ಮೇ 10ರಂದು ಫರ್ಮಿ ಬಾಹ್ಯಾಕಾಶ ದೂರದರ್ಶಕವು ಬಹುದೂರದ ಒಂದು ಸ್ಫೋಟದಿಂದ ಹೊರಟು ಸುಮಾರು 700 ಕೋಟಿ ವರ್ಷ ಪಯಣಿಸಿ ಬಂದ ಗಾಮಾ ಕಿರಣಗಳನ್ನು ಹಿಡಿಯಿತು. ದೇಶವು ತರಿತರಿಯಾಗಿದ್ದು, ಶಕ್ತಿ ಹೆಚ್ಚಿದಷ್ಟೂ ಕಿರಣವನ್ನು ತಡೆಯುವುದಾಗಿದ್ದರೆ, 31 ಗಿಗಾ ಎಲೆಕ್ಟ್ರಾನ್ ವೋಲ್ಟಿನ ಒಂದು ಫೋಟಾನ್, ಅಂದರೆ ಬೆಳಕಿನ ಕಣ, ಹಿಂದೆ ಬೀಳಬೇಕಿತ್ತು. ಅದಾದರೋ ಸ್ಫೋಟ ಕಾಣಿಸಿಕೊಂಡ ಒಂದು ಸೆಕೆಂಡಿನೊಳಗೇ ಬಂದು ತಲುಪಿತು. ಅಂಥ ತರಿ ಇದ್ದರೂ ಪ್ಲಾಂಕ್ ಉದ್ದಕ್ಕಿಂತ ಸಣ್ಣದಿರಬೇಕೆಂದು ಲೆಕ್ಕ ಹೇಳಿತು. ಈ ಬಗೆಯ ತರಿ ಕಾಣದ ಮಾತ್ರಕ್ಕೆ ಯಾವ ಬಗೆಯದೂ ಇಲ್ಲವೆಂದು ಸಾಧಿಸಿದಂತಾಗದು. ಆದರೆ ಇಂದಿನವರೆಗೆ ದೇಶದ ಒಂದು ಎಳೆಯನ್ನೂ ಯಾರೂ ಎಣಿಸಿಲ್ಲವಾದುದರಿಂದ, ಕೇಳಿದ ವಿದ್ಯಾರ್ಥಿಗೆ ನಾನು ಅಖಂಡ ಎಂದೇ ಉತ್ತರಿಸುತ್ತೇನೆ.